ಮಾಚನ ನಾಲ್ಕನೆಯ ಸಾಲು

ಗೇಟಿಗೆ ಬಣ್ಣ ಹೊಡೆಯುವವನು ಬೆಳಿಗ್ಗೆ ಡಬ್ಬದ ಮುಚ್ಚಳ ತೆಗೆದ. ಎನಾಮಲ್ ವಾಸನೆ ಒಳಗೆ ಬಂದದ್ದೇ ತಡ, ನನಗೆ ಕಾಫಿ ಸೇರಲಿಲ್ಲ. ಬಣ್ಣದ ವಾಸನೆ ಆಗದವರು ಬಹಳ ಮಂದಿ, ನೀವೂ ಇರಬಹುದು. ನನ್ನದು ಅಲರ್ಜಿಯಲ್ಲ. ಹನಗೋಡಿನ ಹತ್ತಿರದ ಒಂದು ಕಲ್ಲಿನ ನೆನಪು.

ಆಗ ನಾನು ಹುಣಸೂರಿನಲ್ಲಿ ಕೂತು ನಾಲ್ಕು ತಾಲ್ಲೂಕಿನ ಸುದ್ದಿಯನ್ನು ಪತ್ರಿಕೆಗೆ ಕಳಿಸುತ್ತಿದ್ದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು, ಎಚ್.ಡಿ. ಕೋಟೆ ಕಡೆಯ ಆನೆ, ಕೆ.ಆರ್. ನಗರದ ನಾಲೆ ನೀರು. ವಿಚಾರಿಸದೆ ಒಂದು ಸಾಲೂ ಬರೆಯದವನು ಎಂಬ ಹೆಸರಿತ್ತು. ಅದನ್ನು ಹೆಚ್ಚಾಗಿ ಹೇಳಿಕೊಂಡು ತಿರುಗಿದವನು ನಾನೇ.

ಆ ಕಲ್ಲಿದ್ದ ಊರಿನ ಪುಟ್ಟಸ್ವಾಮಿ ಮೇಷ್ಟ್ರು ನಿವೃತ್ತರಾದ ಮೇಲೂ ಜನವರಿ ಇಪ್ಪತ್ತಾರಕ್ಕೆ ಶಾಲೆಗೆ ಬರುತ್ತಿದ್ದರು. ಬಾವುಟ ಹಾರಿಸಿ ಬೂಂದಿ ಹಂಚಿದ ಮೇಲೆ ಊರವರನ್ನು ಕರೆದುಕೊಂಡು ಹೊಲದ ಬದುವಿನ ವೀರಗಲ್ಲಿಗೆ ಹೋಗುವುದು ಅವರ ಪದ್ಧತಿ. ಕೈಯಲ್ಲೊಂದು ತಗಡಿನ ಡಬ್ಬ. ಅದರ ತುಂಬ ಕರಿಹಲಗೆಯ ಕೆಳಗೆ ಉದುರಿದ ಸೀಮೆಸುಣ್ಣದ ಪುಡಿ, ವರ್ಷವಿಡೀ ಕೂಡಿಸಿದ್ದು. ಅದನ್ನು ಕಲ್ಲಿಗೆ ತಿಕ್ಕಿ ಅಂಗೈಯಿಂದ ಒರೆಸಿದರೆ ಅಕ್ಷರಗಳ ಕುಳಿಯಲ್ಲಿ ಮಾತ್ರ ಬಿಳುಪು ಉಳಿಯುತ್ತಿತ್ತು.

“ದೇಶದ ಚರಿತ್ರೆ ಅಂದ್ರೆ ಡೆಲ್ಲೀದು ಮಾತ್ರ ಅಲ್ಲ ಕಣ್ರಪ್ಪಾ, ಇಲ್ ಬನ್ನಿ,” ಎಂದು ಓದುತ್ತಿದ್ದರು. ಮಾಚ ಎಂಬವನು ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ಸತ್ತ. ಮೂರು ಸಾಲಿನಲ್ಲಿ ಇಷ್ಟೇ. ಬುಡದಲ್ಲಿದ್ದ ನಾಲ್ಕನೆಯ ಸಾಲು ಸವೆದಿತ್ತು. ಅವನು ಯಾರ ಮಗ, ಯಾವ ಜನ ಎಂಬುದು ಅಲ್ಲಿರಬೇಕೆಂದು ಮೇಷ್ಟ್ರ ಅಂದಾಜು. ವರ್ಷಕ್ಕೊಂದು ಅಕ್ಷರ ಸಿಕ್ಕರೆ ಅವರಿಗೆ ಹಬ್ಬ.

ಕಾಡಂಚಿನ ಗಿರಿಜನರ ಹಾಡಿಯ ಬೋಳಮ್ಮ ಆ ಹೊಲಕ್ಕೆ ಕೂಲಿಗೆ ಬರುತ್ತಿದ್ದರು. ಪ್ರತಿ ವರ್ಷವೂ ಅವರದು ಒಂದೇ ಪ್ರಶ್ನೆ: “ಇವ ನಮ್ಮವನಾ ಮೇಷ್ಟ್ರೇ? ಕಲ್ಲಾಗೆ ಬಿಲ್ಲು ಹಿಡ್ಕಂಡವ್ನೆ ನೋಡಿ.”

“ಗೊತ್ತಿಲ್ಲ ಕಣವ್ವ. ಓದ್ದೆ ಎಂಗೆ ಹೇಳ್ಲಿ?”

“ಬಿರ್ರನೆ ಓದಿ ಮತ್ತೆ. ನಾನ್ ಸಾಯಾಕ್ ಮುಂಚೆ.”

“ನಾನೂ ಸಾಯಾಕ್ ಮುಂಚೇನೇಯ,” ಎಂದು ಮೇಷ್ಟ್ರು ನಗುತ್ತ ಆಕೆಯ ಬೆರಳು ಹಿಡಿದು ಆ ಸಾಲಿನ ಮೇಲೆ ಎಳೆಸುತ್ತಿದ್ದರು. ಬೋಳಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಹಾಗೆ ಓದಲು ಬಂದೀತೇನೋ ಎಂಬಂತೆ.

ಈ ಕಲ್ಲಿನ ಬಗ್ಗೆ ಬರೆಯಬೇಕೆನಿಸಿತು. ಸವೆದ ಅಕ್ಷರಕ್ಕೆ ಜಿಲ್ಲಾ ಪುಟದಲ್ಲಿ ಜಾಗ ಸಿಗುವುದಿಲ್ಲ ಎಂಬುದು ಕಸುಬಿನಿಂದ ನನಗೆ ಗೊತ್ತಿತ್ತು. ಹೊಲದ ಯಜಮಾನ ಬೀಡಿ ಹಚ್ಚುತ್ತ, “ಈ ಕಲ್ಲು ಇರಗಂಟ ನಮ್ ಬೋರ್‌ವೆಲ್ ಬತ್ತಾಕಿಲ್ಲ ಬುಡಿ,” ಎಂದು ನಗಾಡಿದ್ದ. ಅದನ್ನೇ ಮೊದಲ ಪ್ಯಾರಾಕ್ಕೆ ಏರಿಸಿ, ಕೊನೆಗೆ ‘ಎನ್ನುತ್ತಾರೆ ಸ್ಥಳೀಯರು’ ಎಂದು ಸೇರಿಸಿದೆ. ಹೇಳಿದವನು ಒಬ್ಬ, ಅದೂ ತಮಾಷೆಗೆ. ನಮ್ಮ ಕಸುಬಿನಲ್ಲಿ ಒಬ್ಬನನ್ನು ಊರು ಮಾಡಲು ಎರಡು ಪದ ಸಾಕು. ಮಾಚನ ಕತೆ ಕೊನೆಯ ಪ್ಯಾರಾದಲ್ಲಿತ್ತು. ಜಾಗ ಸಾಲದೆ ಡೆಸ್ಕಿನವರು ಅದನ್ನು ಕತ್ತರಿಸಿದರು. ನಾನು ಕೇಳಲಿಲ್ಲ. ಎರಡು ಕಾಲಂ ಬಂದಿತ್ತಲ್ಲ.

“ಚೆನ್ನಾಗ್ ಬಂದದೆ,” ಎಂದರು ಮೇಷ್ಟ್ರು. “ಮಾಚನ ಹೆಸ್ರೇ ಇಲ್ವಲ್ಲ ಸ್ವಾಮಿ.”

ವರದಿ ಓದಿದವರು ಬೋರ್‌ವೆಲ್‌ಗೆ ಹರಕೆ ಹೊತ್ತು ಬರತೊಡಗಿ, ಮುಂದಿನ ಜನವರಿಯ ಹೊತ್ತಿಗೆ ಕಲ್ಲಿಗೆ ತಗಡಿನ ಸೂರು, ಕಬ್ಬಿಣದ ಗ್ರಿಲ್ಲು ಬಂದಿದ್ದವು. ಕಲ್ಲು ಗಟ್ಟಿ ನಿಲ್ಲಲೆಂದು ಬುಡಕ್ಕೆ ಸಿಮೆಂಟಿನ ಕಟ್ಟೆ. ನಾಲ್ಕನೆಯ ಸಾಲು ಅದರೊಳಗೆ. ಉಳಿದ ಮೂರರ ಮೇಲೆ ಚಿನ್ನದ ಬಣ್ಣದ ಎನಾಮಲ್ ಎರಡು ಕೋಟು. ವಾಸನೆ ಇನ್ನೂ ಹೋಗಿರಲಿಲ್ಲ. ಮೇಷ್ಟ್ರು ಡಬ್ಬ ತೆರೆದರು. ಪೂಜೆಗೆ ನಿಂತಿದ್ದವನೊಬ್ಬ ಮೆಲ್ಲಗೇ ಹೇಳಿದ: “ದೇವ್ರ ಮೈಗೆ ಸೀಮೆಸುಣ್ಣ ಬಳಿಬ್ಯಾಡಿ ಮೇಷ್ಟ್ರೇ.” ಅವನಿಗೆ ಅಕ್ಷರ ಕಲಿಸಿದವರು ಅವರೇ. ಮೇಷ್ಟ್ರು ಮುಚ್ಚಳ ಹಾಕಿದರು.

ಬೋಳಮ್ಮ ಗ್ರಿಲ್ಲಿನಾಚೆ ನಿಂತಿದ್ದರು. “ಈಗ ಯಾರವ ಅಂತ ಕೇಳಂಗೂ ಇಲ್ಲ ಬುಡಿ,” ಎಂದರು. “ದೇವ್ರಾಗ್ಬುಟ್ಟ.”

ಎರಡು ವರ್ಷದೊಳಗೆ ಇಬ್ಬರೂ ಹೋದರು.

ಬಣ್ಣದವನಿಗೆ ಕೆಲಸ ಒಪ್ಪಿಸಿ ಇವತ್ತು ಹನಗೋಡಿನ ಬಸ್ಸು ಹತ್ತಿದೆ. ಎಷ್ಟೋ ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಕಟ್ಟೆ ಅಗಲವಾಗಿದೆ. ಕಂಬದಲ್ಲಿ ಗಾಜು ಹಾಕಿಸಿ ತೂಗುಹಾಕಿದ ಒಂದು ಪೇಪರ್ ತುಂಡು, ಅದಕ್ಕೂ ಕುಂಕುಮ. ನನ್ನದೇ ವರದಿ. ಹಂಪಾಪುರದಿಂದ ಬಂದವನೊಬ್ಬ ತನ್ನ ಮಗಳಿಗೆ ಅದನ್ನು ಬೆರಳಿಟ್ಟು ಓದಿ ಹೇಳುತ್ತಿದ್ದ. ಮೇಷ್ಟ್ರು ಓದಿಸುತ್ತಿದ್ದ ಹಾಗೆಯೇ, ಒಂದೊಂದೇ ಸಾಲು.

“ಅದು ಸರಿಯಿಲ್ಲ,” ಎಂದೆ. “ಒಬ್ಬರು ತಮಾಷೆಗೆ ಹೇಳಿದ್ದು. ಇದು ಮಾಚ ಅನ್ನೋ ಮನುಷ್ಯನ ಕಲ್ಲು.”

“ಪೇಪರ್‌ನಲ್ಲಿ ಬಂದದೆ ಸಾರ್. ಸುಮ್‌ಸುಮ್ನೆ ಬರೀತಾರಾ?”

ಗಾಜಿನ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದೆ. ಕೆಳಗೆ ನನ್ನ ಹೆಸರು ಸ್ಪಷ್ಟವಾಗಿ ಓದಲು ಬಂತು. “ಬರೆದವನು ನಾನೇ,” ಎಂದೆ.

ಅವನು ಹೆಸರು ನೋಡಿದ, ನನ್ನನ್ನು ನೋಡಿದ, ಮಗಳ ಹೆಗಲು ಹಿಡಿದು ಮುಂದೆ ತಂದ. “ಇವ್ರೇ ಕಣವ್ವ ಬರ್ದಿರೋರು. ಕಾಲಿಗ್ ಬೀಳು.”

ಹುಡುಗಿ ಬಗ್ಗಿದಳು. ನಾನು ಹಿಂದೆ ಸರಿದೆ. ಹಿಮ್ಮಡಿಗೆ ಸಿಮೆಂಟಿನ ಕಟ್ಟೆ ತಗುಲಿತು.