ಹಾಳೆ ತಿರುಗಿಸುವ ಕುರ್ಚಿ

ವಾದ್ಯಮೇಳದಲ್ಲಿ ಎದುರು ಮನೆಯವಳ ಮಗಳು ಕೇಳುವ ಜನರ ಕಡೆಗಿದ್ದ ಕುರ್ಚಿಯಲ್ಲಿ ಕೂರುತ್ತಿದ್ದಳು, ನನ್ನ ಮಗಳು ಒಳಗಿನ ಕುರ್ಚಿಯಲ್ಲಿ. ಇಬ್ಬರೂ ಪಿಟೀಲಿನವರೇ. ಇಬ್ಬರಿಗೂ ಸೇರಿ ಮುಂದೆ ಒಂದು ಸ್ಟ್ಯಾಂಡು, ಅದರ ಮೇಲೆ ಒಂದೇ ಪುಸ್ತಕ. ಹಾಳೆ ಮುಗಿಯಿತು ಅಂದರೆ ಎದುರು ಮನೆಯವಳ ಮಗಳು ನುಡಿಸುತ್ತಲೇ ಇರುತ್ತಿದ್ದಳು. ನನ್ನ ಮಗಳು ನಿಲ್ಲಿಸಿ, ಕೈ ಚಾಚಿ, ಹಾಳೆ ತಿರುಗಿಸಿ, ಹೊರಟ ಬಸ್ಸನ್ನು ಓಡಿ ಹತ್ತಿದವಳ ಹಾಗೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ.

"ನೀನೇನು ಅವಳ ಆಳಾ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಅದು ಪದ್ಧತಿ ಕಣವ್ವ. ಒಳಗೆ ಕೂತೋರು ತಿರುಗಿಸ್ಬೇಕು. ಎಲ್ಲಾ ದೇಶದಲ್ಲೂ ಹಂಗೇ."

"ಎಲ್ಲಾ ದೇಶದಲ್ಲೂ ನೀನೇ ಒಳಗೆ ಕೂತ್ಕೋಬೇಕು ಅಂತ ಐತಾ?"

ಅವಳು ನಕ್ಕಳು. ನಾನು ನಗಲಿಲ್ಲ.

ಎದುರು ಮನೆಯವಳು ಈಗ ನಮ್ಮ ಎದುರಿಗಿಲ್ಲ. ವಿಜಯನಗರದಲ್ಲಿ ಮನೆ ಕಟ್ಟಿಸಿಕೊಂಡು ಹೋಗಿ ಬಹಳ ವರ್ಷವಾಯಿತು. ಮೇಲೊಂದು ಮಹಡಿ, ಗೇಟಿನೊಳಗೆ ಕಾರು. ಆದರೂ ನನ್ನ ಬಾಯಲ್ಲಿ ಅವಳು ಎದುರು ಮನೆಯವಳೇ. ಒಂದೇ ವಠಾರದಲ್ಲಿ ನಮ್ಮಿಬ್ಬರದು ಎದುರುಬದುರು ಬಾಗಿಲು, ನಡುವೆ ಒಂದು ನಲ್ಲಿ. ಇಬ್ಬರೂ ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆದವರು. ಇಬ್ಬರ ಗಂಡಂದಿರೂ ಗಾರೆ ಮೇಸ್ತ್ರಿಗಳು. ಅವಳ ಗಂಡ ಕಂಟ್ರಾಕ್ಟರ್ ಆದ. ನನ್ನ ಗಂಡ ಮೇಸ್ತ್ರಿಯಾಗಿಯೇ ಸತ್ತ. ನನಗಿಂತ ಬಹಳ ಮೇಲಿದ್ದವರನ್ನು ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ಅರಮನೆಯ ದೀಪ ನೋಡಿ ಯಾರಾದರೂ ಹೊಟ್ಟೆ ಉರಿದುಕೊಳ್ಳುತ್ತಾರೆಯೆ? ಒಂದೇ ನಲ್ಲಿಯ ನೀರು ಕುಡಿದವಳು ಮೇಲೆ ಹೋದರೆ ಉರಿಯುತ್ತದೆ.

ವಠಾರದ ಕೊನೆಯ ಮನೆಯಲ್ಲಿ ಒಬ್ಬರು ಪಿಟೀಲು ಮೇಷ್ಟ್ರಿದ್ದರು. ಹಳೆಯ ಕಾಲದ ಬ್ಯಾಂಡಿನಲ್ಲಿ ಇಂಗ್ಲಿಷ್ ಸಂಗೀತ ನುಡಿಸಿ ಮುದುಕರಾದವರು. ಹೆಂಡತಿ ಇಲ್ಲ, ಸಾಯಂಕಾಲ ಹೊತ್ತು ಹೋಗುವುದಿಲ್ಲ. ನಮ್ಮ ಹುಡುಗಿಯರಿಬ್ಬರೂ ಅವರ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. "ಇಣುಕೋದಾದ್ರೆ ಒಳಗೆ ಬಂದು ಇಣುಕಿ" ಎಂದು ಕರೆದು ಕಲಿಸಲು ಶುರು ಮಾಡಿದರು. ಪುಸ್ತಕವನ್ನು ಕಿಟಕಿಯ ಕಂಬಿಗೆ ಆನಿಸಿ ಇಡುತ್ತಿದ್ದರು. ಅದರಲ್ಲಿ ಐದು ಗೆರೆ ಎಳೆದು ಸಾಸಿವೆ ಚೆಲ್ಲಿದ ಹಾಗೆ ಏನೋ ಇರುತ್ತಿತ್ತು. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು, ನನಗೆ ಅದು ಎಲ್ಲಿ ಹತ್ತಬೇಕು. ಆ ಕಿಟಕಿ ಎತ್ತರಕ್ಕಿತ್ತು. ಎದುರು ಮನೆಯವಳ ಮಗಳು ಗಿಡ್ಡಿ, ನನ್ನ ಮಗಳು ಉದ್ದ. "ನೀನು ತಿರುಗಿಸಮ್ಮ" ಎಂದರು ಮೇಷ್ಟ್ರು. ಅಷ್ಟೇ ಆದದ್ದು. ಉದ್ದ ಬೆಳೆದ ತಪ್ಪಿಗೆ ನನ್ನ ಮಗಳು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವಳಿಗೆ ಹಾಳೆ ತಿರುಗಿಸಿದಳು.

ಮೇಷ್ಟ್ರು ಹೋದ ಮೇಲೆ ಎದುರು ಮನೆಯವಳು ಮಗಳನ್ನು ಮದ್ರಾಸಿಗೆ ಕಳಿಸಿ ಓದಿಸಿದಳು. ಅವಳು ಏನೇನೋ ಪರೀಕ್ಷೆ ಪಾಸು ಮಾಡಿ ಬಂದು, ವಾಚ್‌ಮನ್ ಕೂಡ ಇಂಗ್ಲಿಷ್ ಮಾತಾಡುವ ಇಸ್ಕೂಲಿನಲ್ಲಿ ಸಂಗೀತದ ಟೀಚರ್ ಆದಳು. ಹಲ್ಲಿನ ಡಾಕ್ಟರನ್ನು ಮದುವೆಯಾದಳು. ನನ್ನ ಮಗಳು ಇಲ್ಲೇ ಕಲಿತಳು, ಸಿಕ್ಕವರ ಹತ್ತಿರ ಸಿಕ್ಕಷ್ಟು. ಬೆಳಗ್ಗೆ ಒಂದು ಇಸ್ಕೂಲು, ಸಂಜೆ ಗೋಕುಲಂನಲ್ಲಿ ಮನೆಪಾಠ. ಮದುವೆ ಕಾಲ ಬಂದರೆ ರಿಸೆಪ್ಷನ್ನಿನಲ್ಲಿ ಹಾಡುವವರ ಹಿಂದೆ ನಿಂತು ಸಿನಿಮಾ ಹಾಡಿಗೆ ಪಿಟೀಲು. ಊರಿನವರ ಮದುವೆಗೆಲ್ಲ ನುಡಿಸಿದಳು, ತಾನು ಆಗಲಿಲ್ಲ. ಅದು ಅವಳ ಇಷ್ಟ.

ಅವರಿಬ್ಬರೂ ಸೇರಿಕೊಂಡ ಆ ಮೇಳದ ಗುಂಪಿನಲ್ಲಿರುವವರೆಲ್ಲ ತಂತಿ ವಾದ್ಯದವರೇ. ಶನಿವಾರ ಚರ್ಚಿನ ಹಿಂದಿನ ಹಾಲಿನಲ್ಲಿ ಸೇರುತ್ತಾರೆ. ನಾನು ಮಗಳ ಸ್ಕೂಟರಿನ ಹಿಂದೆ ಕೂತು ಹೋಗಿ ಕೊನೆಯ ಬೆಂಚಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತೇನೆ, ಹಾಗಾಗಿ ಎಲ್ಲರ ಸಮಾಚಾರ ಗೊತ್ತು. ಕಾಲ ನಡುವೆ ಇಟ್ಟುಕೊಂಡು ನುಡಿಸುವ ಚೆಲ್ಲೊ ಒಂದಿದೆ. ಅದನ್ನು ನುಡಿಸುವವರು ಸರ್ಕಾರಿ ಬ್ಯಾಂಡಿನಿಂದ ರಿಟೈರ್ ಆದವರು, ಅವರ ತಂದೆ ಅರಮನೆಯ ಕುದುರೆ ಲಾಯದಲ್ಲಿದ್ದರಂತೆ. ಪೆನ್ಶನ್ ಬರುತ್ತದೆ, ಹಲ್ಲು ಒಂದೂ ಬಿದ್ದಿಲ್ಲ. ನನಗೆ ಎರಡಕ್ಕೂ ಹೊಟ್ಟೆಕಿಚ್ಚು. ಆಳೆತ್ತರದ ವಾದ್ಯದವನು ಕಡಕೊಳದ ಕಾರ್ಖಾನೆಯಲ್ಲಿ ಫಿಟ್ಟರು. ಶಿಫ್ಟು ಮುಗಿಸಿ ಲಗೇಜ್ ಆಟೋದಲ್ಲಿ ಅದನ್ನು ಮಲಗಿಸಿ, ಹಗ್ಗ ಕಟ್ಟಿ, ತಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬರುತ್ತಾನೆ. ದಾರಿಯಲ್ಲಿ ಜನ ಹೆಣವೇನೋ ಎಂದು ಕೈಮುಗಿದದ್ದೂ ಉಂಟಂತೆ. ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ ನುಡಿಸುವ ಹೊರದೇಶದ ಹೆಂಗಸು ಒಬ್ಬಳು, ಯೋಗ ಕಲಿಯಲು ಬಂದು ಗೋಕುಲಂನಲ್ಲೇ ನಿಂತಳು. ಅವಳ ಊರಿನಲ್ಲಿ ದೊಡ್ಡ ಮೇಳದಲ್ಲಿ ಕೆಲಸವಿತ್ತು, ಬಿಟ್ಟುಬಂದೆ ಎಂದು ನಗುತ್ತಾ ಹೇಳುತ್ತಾಳೆ. ಬಿಡುವುದಕ್ಕೆ ಮೊದಲು ಇರಬೇಕಲ್ಲ.

ಇನ್ನೊಬ್ಬಳು ವಿದ್ವಾಂಸರ ಮನೆಯ ಸೊಸೆ. ಚಿಕ್ಕಂದಿನಿಂದ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿದವಳು. ಇಲ್ಲಿಗೆ ಬಂದು ಕುರ್ಚಿಯ ಮೇಲೆ ಕೂತು ಗಲ್ಲದ ಕೆಳಗೆ ಹಿಡಿಯುವುದನ್ನು ಮೊದಲಿನಿಂದ ಕಲಿತಳು. ಕುತ್ತಿಗೆ ನೋವು, ಮನೆಯಲ್ಲಿ ಮಾವನ ಮುನಿಸು, ಆದರೂ ಬರುತ್ತಾಳೆ. ಒಂದು ಸಲ ಕೇಳಿದರೆ ಸಾಕು, ಅವಳಿಗೆ ಪುಸ್ತಕ ಬೇಡ.

ಇವರೆಲ್ಲರ ಮುಂದೆ ನಿಂತು ಕಡ್ಡಿ ಆಡಿಸುವವರು ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕರು. ಅವರನ್ನು ಬಿಟ್ಟರೆ ದೊಡ್ಡವಳು ಜನರ ಕಡೆಗಿರುವ ಆ ಮೊದಲ ಕುರ್ಚಿಯವಳೇ. ಅವಳ ಕಮಾನು ಮೇಲಕ್ಕೆ ಹೋದರೆ ಎಲ್ಲರದೂ ಮೇಲಕ್ಕೆ, ಕೆಳಗೆ ಬಂದರೆ ಎಲ್ಲರದೂ ಕೆಳಗೆ. ಮುಗಿದ ಮೇಲೆ ಅವರು ಕೈ ಕುಲುಕುವುದು ಅವಳೊಬ್ಬಳದನ್ನೇ. ನನ್ನ ಮಗಳಿಗೆ ಆ ಕುರ್ಚಿ ಬೇಕು ಎಂದು ನನಗಿತ್ತು. ಮಗಳಿಗೂ ಇತ್ತು. ಅವಳು ಹೇಳುತ್ತಿರಲಿಲ್ಲ, ನಾನು ಹೇಳುತ್ತಿದ್ದೆ.

ಎದುರು ಮನೆಯವಳ ಮಗಳು ಬಸುರಿಯಾದಳು. ಹೊಟ್ಟೆ ಕಾಣಿಸಿಕೊಂಡ ಮೇಲೆ ಬೆನ್ನು ನೋವು ಶುರುವಾಯಿತು, ಅಷ್ಟು ಹೊತ್ತು ಬಿಡದೆ ನುಡಿಸಲು ಆಗದು ಎಂದಳು. ಮುಂದಿನ ಕಛೇರಿಗೆ ಇಬ್ಬರೂ ಕುರ್ಚಿ ಬದಲಿಸಿಕೊಳ್ಳಲಿ ಎಂದರು ಕಡ್ಡಿಯವರು. ಸುದ್ದಿ ತಂದವಳು ಎದುರು ಮನೆಯವಳೇ. ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತಳು.

"ಸದ್ಯಕ್ಕೆ ನಿನ್ ಮಗಳೇ ಕೂತ್ಕೊಳ್ಳಲಿ ಬುಡಕ್ಕ."

"ಸದ್ಯಕ್ಕಾ?"

"ಮತ್ತೆ? ಹೆತ್ತ ಮೇಲೆ ನಮ್ಮುಡುಗಿ ಬರಲ್ವಾ?"

"ಬರಲಿ ಬುಡು. ಕುರ್ಚಿಗೆ ಟವೆಲ್ ಹಾಕಿಟ್ಟಿರ್ತೀವಿ."

ಅವಳಿಗೆ ಅರ್ಥವಾಯಿತು, ಆದರೆ ಮೇಲಿದ್ದವರು ಇಂಥದ್ದಕ್ಕೆಲ್ಲ ಕೋಪ ಮಾಡಿಕೊಳ್ಳುವುದಿಲ್ಲ. ನಕ್ಕುಬಿಟ್ಟಳು. ಆ ನಗೆಯೇ ನನಗೆ ಆಗದು.

ಕಛೇರಿಯ ದಿನ ನಾನು ಎರಡನೆಯ ಸಾಲಿನಲ್ಲಿ ಕೂತೆ. ಮಗಳು ಜನರ ಕಡೆ, ಆ ಹುಡುಗಿ ಹೊಟ್ಟೆ ಹೊತ್ತುಕೊಂಡು ಒಳಗೆ. ಇವತ್ತು ಅವಳು ತಿರುಗಿಸುತ್ತಾಳೆ, ನೋಡೋಣ ಎಂದು ಕಣ್ಣು ಮಿಟುಕಿಸದೆ ಕಾದೆ. ಹಾಳೆ ಮುಗಿಯಿತು. ಆ ಹುಡುಗಿ ತಿರುಗಿಸಲಿಲ್ಲ, ರೂಢಿಯ ಹಾಗೆ ನುಡಿಸುತ್ತಲೇ ಇದ್ದಳು. ನನ್ನ ಮಗಳು ನಿಲ್ಲಿಸಿದಳು, ಕೈ ಚಾಚಿದಳು, ಹಾಳೆ ತಿರುಗಿಸಿದಳು. ಮುಂದಾಳಿನ ಕಮಾನೇ ನಿಂತ ಮೇಲೆ ಹಿಂದಿನವರಿಗೆ ದಿಕ್ಕು ತಪ್ಪಿತು. ಒಬ್ಬನ ಕಮಾನು ಮೇಲೆ, ಇನ್ನೊಬ್ಬನದು ಕೆಳಗೆ. ಆಳೆತ್ತರದ ವಾದ್ಯದ ಫಿಟ್ಟರು ಕತ್ತೆತ್ತಿ ನೋಡಿದ. ಮುಂದಿನ ಹಾಳೆಯಲ್ಲೂ ಹಾಗೇ ಆಯಿತು. ಆಮೇಲೆ ಇಬ್ಬರ ಕೈಯೂ ಒಟ್ಟಿಗೇ ಹೋಗಿ ಪುಸ್ತಕವೇ ಬೀಳುವುದರಲ್ಲಿತ್ತು.

ಮುಗಿದ ಮೇಲೆ ಪರದೆಯ ಹಿಂದೆ ಅವರಿಬ್ಬರೂ ಗೋಡೆಗೆ ಒರಗಿ ನಗುತ್ತಿದ್ದರು.

"ನಿನ್ ಕೈಗೆ ನಾಚ್ಕೆ ಇಲ್ವೇನೆ!"

"ನಿನ್ ಕೈ ಏನ್ಮಾಡ್ತಿತ್ತು, ಸೀಮಂತಕ್ಕೆ ಬಳೆ ಇಡಿಸ್ಕೊಳ್ತಿತ್ತಾ?"

ನಗಲಿ. ಕಡ್ಡಿಯವರು ನಗಲಿಲ್ಲ. ಈ ಹುಡುಗಿ ಹೆರಿಗೆಗೆ ಹೋದರೆ ಮುಂದಿನ ಕಛೇರಿಗೆ ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಮುಂದೆ ಕೂರಿಸುತ್ತೇನೆ ಎಂದರಂತೆ. ಮಗಳು ಒಳಗಿನ ಕುರ್ಚಿಗೆ ವಾಪಸು.

"ಹೋಗಿ ಕೇಳು," ಎಂದೆ. "ಇನ್ನೊಂದು ಸಲ ನೋಡಿ ಅಂತ ಕೇಳು."

"ಕೇಳಿ ಏನ್ಮಾಡ್ಲಿ? ನನ್ ಕೈ ನನ್ ಮಾತು ಕೇಳಲ್ಲ. ಹಾಳೆ ಮುಗೀತು ಅಂದ್ರೆ ಅದೇ ಹೋಗ್ತದೆ."

ಅದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಆಗ ನನಗೆ ಸಿಟ್ಟು ಬಂದದ್ದು ಸತ್ತುಹೋದ ಮೇಷ್ಟ್ರ ಮೇಲೆ, ಅವರ ಕಿಟಕಿಯ ಮೇಲೆ.

ದಾರಿ ಕಂಡುಹಿಡಿದವಳು ಎದುರು ಮನೆಯವಳ ಮಗಳೇ. ನಾನೇ ಕಂಡುಹಿಡಿದೆ ಎಂದು ಹೇಳಬಹುದಿತ್ತು, ಆದರೆ ಅವಳೇ. ಒಂದು ಮಧ್ಯಾಹ್ನ ಆಟೋದಿಂದ ಇಳಿದು, ನಡುವಿನ ಮೇಲೆ ಕೈ ಇಟ್ಟುಕೊಂಡು, "ದೊಡ್ಡಮ್ಮ, ಒಂದು ಕುರ್ಚಿ ಕೊಡಿ" ಎಂದು ನಮ್ಮ ನಡುಮನೆಯಲ್ಲಿ ಕೂತಳು. ಹಿಂದೆಯೇ ಅವಳ ಅಮ್ಮ. ಆ ಹುಡುಗಿ ನನ್ನ ಮಗಳನ್ನು ಬಲಗಡೆ ಕೂರಿಸಿಕೊಂಡು ನುಡಿಸು ಎಂದಳು. ತಾನು ಪಿಟೀಲು ತರಲಿಲ್ಲ, ಒಂದು ಪೆನ್ಸಿಲು ತಂದಿದ್ದಳು. ಹಾಳೆಯ ಕೊನೆ ಬಂದಾಗ ನನ್ನ ಮಗಳ ಕೈ ಅಲುಗಿದರೆ ಪೆನ್ಸಿಲಿನಿಂದ ಟಕ್ಕೆಂದು ಹೊಡೆಯುವುದು.

"ಕೈ!"

"ಆಯ್ತು ಕಣೆ."

"ಆಗ್ಲಿಲ್ಲ. ಮತ್ತೆ ಮೇಲಿಂದ."

ಟಕ್. "ಕೈ! ನಾನಿದ್ದೀನಲ್ಲ ತಿರುಗ್ಸೋಕೆ?"

ನಾನು ಒಲೆಯ ಹತ್ತಿರದಿಂದ ನೋಡುತ್ತಿದ್ದೆ. ಎಷ್ಟು ವರ್ಷದಿಂದ ಕಾದಿದ್ದೆ ನಾನು ಇದಕ್ಕೆ! ಆ ಮನೆಯ ಮಗಳು ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು ನನ್ನ ಮಗಳಿಗೆ ಹಾಳೆ ತಿರುಗಿಸುತ್ತಿದ್ದಾಳೆ. ಆದರೆ ಅದು ಅವರು ಕೊಟ್ಟದ್ದಾಯಿತು, ನಾವು ಪಡೆದದ್ದಾಗಲಿಲ್ಲ. ಉಪಕಾರ ಮಾಡುವುದಕ್ಕೂ ಶಕ್ತಿ ಬೇಕು, ಅದೂ ಅವರ ಹತ್ತಿರವೇ ಇತ್ತು. ನನ್ನ ಹತ್ತಿರ ಇದ್ದದ್ದು ಮಾವಿನಕಾಯಿ ಚಿತ್ರಾನ್ನ. ಹಾಕಿಕೊಟ್ಟೆ. ಆ ಹುಡುಗಿ ಒಂದು ತಟ್ಟೆ ತಿಂದು ಇನ್ನೊಂದು ತಟ್ಟೆ ಕೇಳಿದಳು.

"ನೋಡಕ್ಕ," ಎಂದಳು ಎದುರು ಮನೆಯವಳು, ಮುಖ ಸಣ್ಣದು ಮಾಡಿಕೊಂಡು. "ನಮ್ಮನೇಲಿ ಒಂದು ತುತ್ತು ಇಳಿಯಲ್ಲ ಅಂತಾಳೆ. ಇಲ್ಲಿ ತಳ ಕೆರೀತಾವ್ಳೆ."

"ಕೈಗುಣ ಕಣೆ. ಅದು ಮಹಡಿ ಕಟ್ಟಿಸಿದ್ರೆ ಬರಲ್ಲ."

ಆ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ತಿಂಗಳು ತುಂಬುವವರೆಗೂ ಅವಳು ಬಂದಳು. ಕೊನೆಕೊನೆಗೆ ಪೆನ್ಸಿಲಿಗೆ ಕೆಲಸ ಕಡಿಮೆಯಾಯಿತು. ಮಗಳು ತಾನೇ ಹೋಗಿ ಕಡ್ಡಿಯವರನ್ನು ಕಂಡಳು, ನಾನು ಕೇಳು ಎಂದಾಗ ಹೋಗದವಳು. ಅವರು ಗುಂಪಿನ ಮುಂದೆ ಒಂದು ಉದ್ದದ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಲು ಹೇಳಿದರು, ಮಗಳು ಮುಂದೆ, ವಿದ್ವಾಂಸರ ಸೊಸೆ ಒಳಗೆ. ಕೇಳಿದ ಮೇಲೆ ಬೆಂಗಳೂರಿನವರನ್ನು ಕರೆಸುವುದು ಬೇಡ ಎಂದರು. ಮಗು ಹುಟ್ಟಿದ ಮೇಲೂ ಆ ಹುಡುಗಿ ಮೊದಲ ಕುರ್ಚಿ ಕೇಳಲಿಲ್ಲ. ಎರಡು ವರ್ಷ ನನಗೆ ಶನಿವಾರವೇ ಇಲ್ಲ, ನೀನೇ ಇಟ್ಟುಕೋ ಎಂದಳಂತೆ. "ಇಟ್ಟುಕೋ" ಎನ್ನುವುದೂ ನನಗೆ ಹಿಡಿಸಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೆ.

ಕಛೇರಿಯ ಸಂಜೆ ಹಾಲು ತುಂಬಿತ್ತು. ನಾನು ಹೊಸ ಸೀರೆ ಉಟ್ಟಿದ್ದೆ. ಎಲ್ಲರೂ ಕೂತ ಮೇಲೆ ಮಗಳು ಕೊನೆಯಲ್ಲಿ ಒಬ್ಬಳೇ ನಡೆದು ಬಂದಳು, ಮೊದಲ ಕುರ್ಚಿಯವರು ಹಾಗೆ ಬರಬೇಕಂತೆ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಮನೆಯವರು ತಟ್ಟಬಾರದು ಎಂದುಕೊಂಡೆ. ಶುರುವಾಯಿತು.

ಅಷ್ಟರಲ್ಲಿ ಎದುರು ಮನೆಯವಳು ತಡವಾಗಿ ಬಂದು, ಬಗ್ಗಿಕೊಂಡು ಸಾಲು ದಾಟಿ, ನನ್ನ ಪಕ್ಕದಲ್ಲೇ ಕೂತಳು. ತೊಡೆಯ ಮೇಲೆ ಮೊಮ್ಮಗಳು. ಹಳದಿ ಟೋಪಿ, ಕೆನ್ನೆ ಎರಡೂ ಬನ್ನಿನ ಹಾಗೆ. ಮಗು ಕಿರುಚಲಿಲ್ಲ, ಅಳಲಿಲ್ಲ. ಪಿಟೀಲು ಎಲ್ಲಿಂದ ಬರುತ್ತಿದೆ ಎಂದು ಕತ್ತು ತಿರುಗಿಸಿ, ಕಣ್ಣರಳಿಸಿ ಕೇಳಿತು. ಆಮೇಲೆ ಅಜ್ಜಿಯ ಬೆರಳನ್ನು ಹಿಡಿದು, ಬಾಯಿಗೆ ಹಾಕಿಕೊಂಡು, ಜೊಲ್ಲಿನಲ್ಲಿ ಒದ್ದೆ ಮಾಡಿತು. ಅವಳು ಬೆರಳನ್ನು ಬಿಡಿಸಿಕೊಳ್ಳದೆ ಹಾಗೇ ಕೊಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಯಾರಿದ್ದಾರೆ ಎಂಬ ಪರಿವೆಯೂ ಅವಳಿಗಿರಲಿಲ್ಲ.

ನನ್ನ ಮಗಳಿಗೆ ನಲವತ್ತು ಹತ್ತಿರವಾಯಿತು. ಅವಳು ನನಗೆ ಇದನ್ನು ಕೊಡುವುದಿಲ್ಲ. ಕೊಡು ಎಂದು ಕೇಳುವವಳೂ ನಾನಲ್ಲ.

"ಎತ್ಕೊಳ್ತೀಯೇನಕ್ಕ?" ಎಂದು ಅವಳು ಪಿಸುಗುಟ್ಟಿದಳು.

"ಸೀರೆ ಹೊಸದು," ಎಂದೆ.

ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಡ್ಡಿಯವರು ನನ್ನ ಮಗಳ ಕೈ ಕುಲುಕಿದರು. ಹೊರಗೆ ಸ್ಕೂಟರಿನ ಹತ್ತಿರ ಮಗಳು ಪಿಟೀಲಿನ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಾ ಕೇಳಿದಳು.

"ನೋಡ್ದಾ ಅವ್ವ? ಒಂದ್ ಸಲಾನೂ ಕೈ ಹೋಗ್ಲಿಲ್ಲ."

"ನೋಡ್ದೆ," ಎಂದೆ.

ನಾನು ಒಂದು ಹಾಳೆಯನ್ನೂ ನೋಡಿರಲಿಲ್ಲ.