ಅಂಗೈ ಗುರುತಿಲ್ಲದ ಹಗೇವು

ಪಾಮನಕಲ್ಲೂರಿನವರ ಜೋಳ ಕೊಳೆತದ್ದು ನೀವು ಹಾಸಿದ ಹುಲ್ಲಿನಿಂದಲ್ಲ, ಖಾಜಾಭಾಯಿ — ನನ್ನಿಂದ. ನಾನು ಸುಳ್ಳು ಹೇಳಿದೆ. ನೀವು ಮಣ್ಣಾದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಅದೂ ನನ್ನ ಹೇಡಿತನವೇ.

ಸಿಂಧನೂರಿನಲ್ಲಿ ನಮ್ಮಿಬ್ಬರದು ಪಾಲಿನ ಜೋಳದ ವ್ಯಾಪಾರ. ಕೊಳ್ಳುವುದು, ಮಾರುವುದು ನನ್ನ ಕೆಲಸ; ಹಗೇವು ನಿಮ್ಮ ಕೆಲಸ. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಕೆಸರು ಮೆತ್ತಿದ ಮೇಲೆ ಆ ಹಸಿ ಮಣ್ಣಿಗೆ ನಿಮ್ಮ ಅಂಗೈ ಒತ್ತುತ್ತಿದ್ದಿರಿ. ಆ ಗುರುತು ಇದ್ದರೆ ಯಾರೂ ಬಾಯಿ ತೆಗೆದಿಲ್ಲ ಎಂದರ್ಥ. ಅದನ್ನು ನಂಬಿಯೇ ಪಾಮನಕಲ್ಲೂರಿನ ರೈತರು ತಮ್ಮ ಊಟದ ಜೋಳವನ್ನೂ ನಮ್ಮ ಹಗೇವಿನಲ್ಲಿ ಇಡುತ್ತಿದ್ದರು.

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಅದು. ಎಲ್ಲರೂ ನೀರು ನೋಡಲು ಓಡಿದರು. ನೀವು ಮಾತ್ರ ಜವಳಗೇರಾ ಕಡೆಯ ನಮ್ಮ ದೊಡ್ಡ ಹಗೇವಿನ ಬಳಿ ಕುಕ್ಕರಗಾಲಲ್ಲಿ ಕೂತು ನೆಲ ಮುಟ್ಟಿ ಮುಟ್ಟಿ ನೋಡಿದಿರಿ. ಪಕ್ಕದ ಹೊಲಕ್ಕೆ ನೀರು ನಿಂತರೆ ತೇವ ಒಳಗಿನಿಂದ ಬರುತ್ತದೆ, ಈಗಲೇ ಜೋಳ ತೆಗೆದುಬಿಡೋಣ ಎಂದಿರಿ. ನಾನು ನಕ್ಕೆ. ಧಾರಣೆ ಏರುವ ಹೊತ್ತು, ನಿಮ್ಮದೊಂದು ಪುಕ್ಕಲುತನ ಎಂದು ನಾಲ್ಕು ಜನರೆದುರು ಹಾಸ್ಯ ಮಾಡಿದೆ.

ಮುಂದೆ ಲಿಂಗಸುಗೂರಿನಲ್ಲಿ ನಿಮ್ಮ ಮಗಳ ಹೆರಿಗೆ. ಅವಳಿಗೆ ಮೈ ಹುಷಾರಿಲ್ಲದೆ, ನೋಡಲು ಹೋದ ನೀವು ಅಲ್ಲೇ ಉಳಿದಿರಿ. ನನಗೆ ಒಳಗೊಳಗೇ ಅಳುಕು. ಒಂದು ಮಧ್ಯಾಹ್ನ ಹೋಗಿ, ಒಬ್ಬನೇ ಹೆಣಗಿ ಚಪ್ಪಡಿ ಸರಿಸಿದೆ. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಕೈ ಹಾಕಿದೆ — ಅಂಚಿನ ಜೋಳ ಒದ್ದೆ. ಅಂದೇ ತೆಗೆದು ಬಿಸಿಲಿಗೆ ಹರಡಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ತೆಗೆದರೆ ನಿಮ್ಮ ಮಾತು ಗೆಲ್ಲುತ್ತಿತ್ತು. ನಕ್ಕಿದ್ದ ನಾನು... ಛೀ, ಅಷ್ಟೇ ಕಾರಣ. ಚಪ್ಪಡಿ ಎಳೆದು, ಕೆಸರು ಮೆತ್ತಿ, ನುಣ್ಣಗೆ ಸವರಿ ಬಂದೆ. ಹಗೇವು ಹೇಗಿದೆ ಎಂದು ನೀವು ಬಂಡಿಯವನ ಕೈಯಲ್ಲಿ ಕೇಳಿ ಕಳಿಸಿದಿರಿ. ಎಲ್ಲಾ ಬರೋಬರಿ ಇದೆ ಎಂದು ಹೇಳಿ ಕಳಿಸಿದೆ.

ನೀವು ಮರಳುವ ಹೊತ್ತಿಗೆ ರೈತರು ಬಂಡಿ ಕಟ್ಟಿಕೊಂಡು ಬಂದಿದ್ದರು. ಬಾಯಿ ತೆಗೆಯಲು ನೀವೇ ಬಗ್ಗಿದಿರಿ. ನಿಮ್ಮ ಕೈ ಆ ನುಣ್ಣನೆಯ ಮಣ್ಣಿನ ಮೇಲೆ ಒಂದು ಗಳಿಗೆ ನಿಂತಿತು. ಅಂಗೈ ಗುರುತು ಇರಲಿಲ್ಲ — ಅದನ್ನು ನಾನು ಮರೆತೇಬಿಟ್ಟಿದ್ದೆ. ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಆಮೇಲೆ ಮಣ್ಣು ಒಡೆದಿರಿ.

ಜೋಳ ಕರ್ರಗಾಗಿ ಗಬ್ಬು ನಾರುತ್ತಿತ್ತು. ಪಾಮನಕಲ್ಲೂರಿನ ಹಿರಿಯ ಬಸಪ್ಪ, ಇದು ಹೇಗಾಯಿತು ಎಂದು ಕೇಳಿದ. ನನ್ನ ಬಾಯಿಯೇ ಮೊದಲು ತೆರೆಯಿತು.

“ಹುಲ್ಲು ಹಾಸಿದವ್ರು ಖಾಜಾಭಾಯಿ. ನಂಗೇನ್ ಗೊತ್ತರೀ?”

ನೀವು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. “ಹೌದ್ರೀ,” ಅಂದಿರಿ, “ಹುಲ್ಲು ನಂದ.”

ಯಾಕೆ ಹಾಗಂದಿರಿ? ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಅಂದಿನಿಂದ ನಿಮ್ಮ ಕೈಗೆ ಯಾರೂ ಒಂದು ಸೇರು ಕಾಳನ್ನೂ ಒಪ್ಪಿಸಲಿಲ್ಲ. ನೀವು ಮಸ್ಕಿಗೆ ಹೋಗಿ, ಸಂತೆಯಲ್ಲಿ ಪರರ ಕಾಳು ಅಳೆದುಕೊಡುವ ಕೂಲಿಗೆ ನಿಂತಿರಿ. ಊರು ಬಿಡುವ ದಿನ ನಮ್ಮ ಬರಿದಾದ ಅಂಗಡಿಗೆ ಬಂದು, ನನ್ನ ಹೆಸರು ಹಿಡಿದು ಕರೆದು, ನನಗೇ ಸಮಾಧಾನ ಹೇಳಿದಿರಿ — “ವ್ಯಾಪಾರ ಅಂದ್ಮ್ಯಾಲ ಮುಳುಗ್ತದ, ಏಳ್ತದ. ಎದಿ ಒಡಕೋಬ್ಯಾಡ, ಶರಣು.” ನಾನು ಎದ್ದೆ. ಕಾಲುವೆಯ ನೀರಿಗೆ ಭತ್ತ ಬಂತು, ಭತ್ತದಿಂದ ನನ್ನ ಅಂಗಡಿ ಬೆಳೆಯಿತು. ನಿಮ್ಮನ್ನು ಕರೆಸಿಕೊಳ್ಳಬಹುದಿತ್ತು. ಕರೆಸಲಿಲ್ಲ.

ನಿಮ್ಮ ಮಣ್ಣಿಗೆ ಮಸ್ಕಿಗೆ ಬಂದಿದ್ದೆ. ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿ ಈಚೆ ಬಂದಾಗ, ಕೋಲೂರಿಕೊಂಡು ನಿಂತಿದ್ದ ಮುದುಕ ಬಸಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ.

“ಭಾಳ ಚೊಲೋ ಮನಷ್ಯಾ. ಆ ಹುಲ್ಲೊಂದು ಸರಿ ಹಾಸ್ಲಿಲ್ಲ ನೋಡ್ರಿ.”

ಕೈಗೆ ಇನ್ನೂ ನಿಮ್ಮ ಮಣ್ಣು ಹತ್ತಿತ್ತು, ಖಾಜಾಭಾಯಿ. ನಾನು ಹೌದೆಂದು ತಲೆಯಾಡಿಸಿದೆ.