ಅತ್ತೆ ತುಂಬಿಕೊಟ್ಟ ಬಾಟಲಿ

ಗೆದ್ದೆ ಗೆಳೆಯರೇ, ಇವತ್ತು ಮಾವನವರ ಎದುರಿಗೇ ಗೆದ್ದೆ!

ಭತ್ತದ ಹೊಲಕ್ಕೆ ಹಾಯಿಸುವ ನಮ್ಮ ಬೋರಿನ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು, ಅದು ಅನ್ನದೊಳಗೂ ಸೇರುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಹೋದ ತಿಂಗಳು ಪರೀಕ್ಷೆಗೆ ಕಳಿಸಿದ ನೀರು ಮಾತ್ರ ಶುದ್ಧ ಎಂದು ಬಂತು. ಮಾವ ಗಜೇಂದ್ರಗಡದ ಬಸ್ಸಿನಲ್ಲೆಲ್ಲ ಆ ಕಾಗದ ತೋರಿಸಿದ್ದೇ ತೋರಿಸಿದ್ದು. ನನಗೆ ಅನುಮಾನ. ಬಾಟಲಿ ತುಂಬಿಕೊಟ್ಟಿದ್ದ ಅತ್ತೆಯನ್ನು ಕೇಳಿದೆ.

"ನಾವು ಕುಡಿಯೂ ಕೆರಿ ನೀರ ತುಂಬೇನವಾ. ಪರ ಊರಿನ ಮಂದಿಗೆ ಬೋರಿನ ಸವಳ ನೀರ ಕಳಿಸಿದ್ರ ಮನಿ ಮರ್ಯಾದಿ ಏನಾಗಬೇಕು?"

ಈ ಸಲ ನಾನೇ ಬೋರಿನ ಪೈಪಿಗೆ ಬಾಟಲಿ ಹಿಡಿದೆ. ಇಂದು ಬೆಳಿಗ್ಗೆ ಕಾಗದ ಬಂತು: ಆರ್ಸೆನಿಕ್ ಮಿತಿ ಮೀರಿದೆ. ಮಾವ ನನ್ನಿಂದ ಅದನ್ನು ಎರಡು ಸಲ ಓದಿಸಿದರು. ಎದ್ದು ಹೋಗಿ ಮೋಟಾರು ಬಂದ್ ಮಾಡಿ ಬಂದರು.

"ನೀ ಹೇಳಿದ್ದ ಖರೇ ಆತವಾ. ಈ ನೀರಿಗೆ ಇನ್ನ ಭತ್ತ ಬ್ಯಾಡ. ನೀರ ಹಾಯಿಸದನ ಬೆಳಿಯೂ ಹಿಂಗಾರಿ ಜ್ವಾಳ ಬಿತ್ತೂಣು."

ಎದೆಯುಬ್ಬಿಸಿ ಅಡುಗೆಮನೆಗೆ ಹೋದರೆ, ಅತ್ತೆ ಹೋದ ತಿಂಗಳ ಕಾಗದವನ್ನು ಕುಡಿಯುವ ನೀರಿನ ಕೊಡದ ಮೇಲಿನ ಗೋಡೆಗೆ ಅಂಟಿಸುತ್ತಿದ್ದರು.

"ನಿಮ್ಮ ಬೋರ್ ನಪಾಸಾತು. ನನ್ನ ಕೆರಿ ಮೊದಲನೇ ಸಲಕ್ಕನ ಪಾಸಾಗೇತಿ ನೋಡ!"